ಇರಾನ್ ಫುಟ್ಸಾಲ್ ಟೀಮ್: 2024ರ ತನಕ ಏಷ್ಯಾದಲ್ಲಿ 13 ಕಪ್, ವರ್ಲ್ಡ್ ಕಪ್ಪಲ್ಲಿ ಮಾತ್ರ ಯಾವಾಗ್ಲೂ ಒಂದೇ ಗೋಲಿಂದ ಸೋಲೋದ್ಯಾಕೆ?

ಚೆಂಡಾಟ_ಚಂದ್ರು:
ಎಲ್ರಿಗೂ ನಮಸ್ಕಾರ. ಮೊನ್ನೆ ಬೇರೆ ಚರ್ಚೆಲಿ ಯಾರೋ "ಫುಟ್ಸಾಲ್ ಅಂದ್ರೆ ಬ್ರೆಜಿಲ್, ಸ್ಪೇನ್, ಪೋರ್ಚುಗಲ್ ಅಷ್ಟೇ, ಏಷ್ಯಾದವ್ರು ಲೆಕ್ಕಕ್ಕೇ ಇಲ್ಲ" ಅಂತ ಬರ್ದಿದ್ರು, ಓದಿ ಸುಮ್ನಿರಕ್ಕೆ ಆಗ್ಲಿಲ್ಲ. ಗೊತ್ತಿಲ್ಲದವ್ರಿಗೆ, ಫುಟ್ಸಾಲ್ ಅಂದ್ರೆ ಗಟ್ಟಿ ನೆಲದ ಸಣ್ಣ ಕೋರ್ಟಲ್ಲಿ ಐದೈದು ಜನ ಆಡೋ ಫುಟ್‌ಬಾಲ್. ಇರಾನ್ ಟೀಮನ್ನ ನಾನು ತುಂಬಾ ವರ್ಷದಿಂದ ಫಾಲೋ ಮಾಡ್ತಿದ್ದೀನಿ, ನಂಗೆ ಅವ್ರ ಆಟ ಅಂದ್ರೆ ಪ್ರಾಣ.

ಮೊದ್ಲು ಲೆಕ್ಕ ನೋಡಿ. ಏಷ್ಯನ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1999ರಲ್ಲಿ ಕೌಲಾಲಂಪುರದಲ್ಲಿ. ಅಲ್ಲಿಂದ 2005ರ ತನಕ ವರ್ಷಕ್ಕೊಂದು ಟೂರ್ನಮೆಂಟ್, ಏಳಕ್ಕೆ ಏಳೂ ಇರಾನ್‌ದೇ. ಆಮೇಲೆ 2007, 2008, 2010, 2016, 2018, 2024. 2024ರ ತನಕ ಒಟ್ಟು 13. ಮಧ್ಯದಲ್ಲಿ ತಪ್ಪಿದ್ದು 2006, 2012, 2014, 2022, ಆ ನಾಲ್ಕೂ ಸಲ ಕಪ್ ಎತ್ತಿದ್ದು ಜಪಾನ್. ಅಂದ್ರೆ 2024ರ ತನಕ ಈ ಎರಡು ದೇಶ ಬಿಟ್ಟು ಇನ್ಯಾರ ಕೈಗೂ ಆ ಕಪ್ ಸಿಕ್ಕೇ ಇಲ್ಲ.

ಈಗ ವರ್ಲ್ಡ್ ಕಪ್ಪಿಗೆ ಬನ್ನಿ. 1992ರಲ್ಲಿ ಹಾಂಗ್‌ಕಾಂಗಲ್ಲಿ ಮೊದಲನೇ ಸಲ ಆಡಿ ನಾಲ್ಕನೇ ಸ್ಥಾನ, 2016ರಲ್ಲಿ ಕೊಲಂಬಿಯಾದಲ್ಲಿ ಮೂರನೇ ಸ್ಥಾನ, ದೊಡ್ಡದು ಅಂತ ಹೇಳ್ಕೊಳ್ಳೋಕೆ ಇರೋದು ಇವೆರಡೇ. ನಂಗೆ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ ಅವ್ರು ಹೊರಗೆ ಬಿದ್ದ ಮ್ಯಾಚ್‌ಗಳ ಸ್ಕೋರ್ ನೋಡಿದಾಗ. 2012 ಥಾಯ್ಲೆಂಡಲ್ಲಿ ಕೊಲಂಬಿಯಾ ವಿರುದ್ಧ 1-2. 2016 ಸೆಮಿಯಲ್ಲಿ ರಷ್ಯಾ ವಿರುದ್ಧ 3-4. 2021 ಲಿಥುವೇನಿಯಾದಲ್ಲಿ ಕ್ವಾರ್ಟರ್ ಫೈನಲ್, ಕಜಾಕಿಸ್ತಾನ ವಿರುದ್ಧ 2-3. 2024 ಉಜ್ಬೇಕಿಸ್ತಾನದಲ್ಲಿ ಮೊರಾಕ್ಕೊ ವಿರುದ್ಧ 3-4. ನಾಲ್ಕು ವರ್ಲ್ಡ್ ಕಪ್, ನಾಲ್ಕೂ ಸಲ ಒಂದೇ ಒಂದು ಗೋಲು!

ನನ್ನ ಪ್ರಕಾರ ಇದು ಅದೃಷ್ಟದ ಮಾತಲ್ಲ. ದೊಡ್ಡ ಟೀಮ್‌ಗಳ ಜೊತೆ ಬಿಗಿ ಮ್ಯಾಚ್ ಆಡೋ ಅಭ್ಯಾಸ ಇವ್ರಿಗೆ ವರ್ಷಪೂರ್ತಿ ಸಿಗಲ್ಲ, ಅದೇ ಕೊನೆ ಐದು ನಿಮಿಷದಲ್ಲಿ ಕೈ ಕೊಡುತ್ತೆ. ನೀವೇನಂತೀರಿ?

ಹುಬ್ಬಳ್ಳಿ_ಹುಡ್ಗ:
ಅಲ್ರೀ ಚಂದ್ರು ಅವ್ರ, ವರ್ಲ್ಡ್ ಕಪ್ಪಿನ ಮಾತು ಖರೇ ಐತಿ, ಒಪ್ಗೋತೀನಿ. ಆದ್ರ ಏಷ್ಯಾದ 13 ಕಪ್ ಹಿಡ್ಕೊಂಡು ಅಷ್ಟ್ಯಾಕ ಹಾರಾಡ್ತೀರಿ? 1999ರ ಫೈನಲ್ ಕೊರಿಯಾ ಮ್ಯಾಲೆ 9-1, 2001ರಾಗ ತೆಹ್ರಾನ್‌ದಾಗ ಉಜ್ಬೇಕಿಸ್ತಾನ ಮ್ಯಾಲೆ 9-0. ಒಂಬತ್ತು ಗೋಲ್ ಹೊಡ್ದು ಗೆಲ್ಲೂದು ಫೈನಲ್ ಏನ್ರಿ? ಎದುರಿಗೆ ಯಾರೂ ಇರ್ಲಿಲ್ಲ, ಅದಕ್ಕ ಗೆದ್ರು. ಹಂಗ ಗೆದ್ದು ಗೆದ್ದು ರೂಢಿ ಆಗಿ ವರ್ಲ್ಡ್ ಕಪ್ಪಿನಾಗ ಗಟ್ಟಿ ಟೀಮ್ ಬಂದ ಕೂಡ್ಲೆ ತಡಬಡಸ್ತಾರ.

ಚೆಂಡಾಟ_ಚಂದ್ರು:
ಹುಬ್ಬಳ್ಳಿಯವ್ರೇ, ಮೊದಲ ಎರಡ್ಮೂರು ವರ್ಷದ ಬಗ್ಗೆ ನೀವು ಹೇಳಿದ್ದು ಸರಿ. ಆದ್ರೆ ಜಪಾನ್ ಜೊತೆ ಆಡಿದ ಫೈನಲ್‌ಗಳನ್ನ ಸಾಲಾಗಿ ಇಟ್ಟು ನೋಡಿ. 2002ರಲ್ಲಿ 6-0, 2003ರಲ್ಲಿ 6-4, 2004ರಲ್ಲಿ 5-3, 2005ರಲ್ಲಿ 2-0. ಆ 6-0 ಆದ್ಮೇಲೆ ಜಪಾನ್ ಎರಡೇ ಗೋಲಿನ ಅಂತರಕ್ಕೆ ಬಂದಿತ್ತು, 2006ರಲ್ಲಿ ಸೆಮಿಯಲ್ಲೇ ಇರಾನನ್ನ ಸೋಲಿಸಿ ಕಪ್ ಎತ್ಕೊಂಡು ಹೋಯ್ತು. 2014ರ ಫೈನಲ್ 2-2 ಆಗಿ ಪೆನಾಲ್ಟಿಲಿ ಹೋಯ್ತು, 2022ರದ್ದು 2-3. ಹಿಂಗೆ ಬೆನ್ನಿಗೆ ಬಿದ್ದಿರೋ ಎದುರಾಳಿ ಇದ್ದೂ 13 ಸಲ ಗೆಲ್ಲೋದು ಸುಲಭ ಅಲ್ಲ. ಇನ್ನೊಂದು, ಅದೇ ಜಪಾನ್ 2016ರ ಏಷ್ಯನ್ ಟೂರ್ನಮೆಂಟಲ್ಲಿ ವಿಯೆಟ್ನಾಂ ಕೈಲಿ ಸೋತು ವರ್ಲ್ಡ್ ಕಪ್ಪಿಗೇ ಹೋಗಕ್ಕೆ ಆಗ್ಲಿಲ್ಲ. ಏಷ್ಯಾದಲ್ಲಿ ಎದುರು ಯಾರೂ ಇಲ್ಲ ಅಂತ ಈಗ್ಲೂ ಹೇಳೋದು ತಪ್ಪಾಗುತ್ತೆ.

ಕುವೈತ್_ಕರಾವಳಿ:
2022ರ ಫೈನಲ್ ನಡ್ದದ್ದು ಇಲ್ಲೇ ಕುವೈತ್‌ನಲ್ಲಿ ಮಾರಾಯ್ರೆ, ನಾನು ಸ್ಟೇಡಿಯಂನಲ್ಲೇ ಇದ್ದೆ. ಇಲ್ಲಿ ಇರಾನಿ ಜನ ತುಂಬಾ ಇದ್ದಾರೆ, ಗ್ಯಾಲರಿಯ ಗದ್ದಲ ಕಿವಿ ಒಡೆಯುವ ಹಾಗೆ ಇತ್ತು. ಟಿವಿಯಲ್ಲಿ ಗೊತ್ತಾಗದ ಒಂದು ವಿಷಯ ಹೇಳ್ತೇನೆ. ಜಪಾನಿನವರು ಬಾಲ್ ಕಾಲಿಗೆ ಬಂದ ಮೇಲೆ ಯೋಚನೆ ಮಾಡುವುದಿಲ್ಲ, ಬರುವ ಮೊದ್ಲೇ ಮುಂದಿನವ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಾಗಿರ್ತದೆ. ಇರಾನಿನವರು ಹಾಗಲ್ಲ. ಬಾಲ್ ಬಂದ ಮೇಲೆ ಪಾದದ ಅಡಿಯಲ್ಲಿ ಒತ್ತಿ ಹಿಡಿದು, ಎದುರಿನವನನ್ನು ಹತ್ತಿರ ಕರೆಸಿ, ಅವ ಒಂದು ಹೆಜ್ಜೆ ಇಟ್ಟ ಕೂಡ್ಲೆ ಬೂಟಿನ ತುದಿಯಿಂದ ಹೊಡೆದು ಬಿಡುವುದು. ಬೂಟಿನ ತಳ ನೆಲಕ್ಕೆ ಉಜ್ಜುವ ಕೀಚ್ ಕೀಚ್ ಶಬ್ದದಲ್ಲೇ ಗೊತ್ತಾಗ್ತದೆ ಈಗ ಶಾಟ್ ಬರ್ತದೆ ಅಂತ. ನೋಡ್ಲಿಕ್ಕೆ ಎಷ್ಟು ಚಂದ! ಆದ್ರೆ ಅವತ್ತು ಗೆದ್ದದ್ದು ಜಪಾನಿನ ಲೆಕ್ಕಾಚಾರ.

ಹೊಸಬ_ಹಾಸನ:
ಸರ್ ಮಧ್ಯದಲ್ಲಿ ಕೇಳ್ತಿದ್ದೀನಿ ಬೇಜಾರ್ ಮಾಡ್ಕೋಬೇಡಿ, ನಾವು ಟರ್ಫಲ್ಲಿ ಐದೈದು ಜನ ಆಡ್ತೀವಲ್ಲ ಅದೇ ತಾನೆ ಫುಟ್ಸಾಲ್? ಅಲ್ಲೂ ಒಂದು ಗೋಲಿಂದ ಸೋಲೋದು ಮಾಮೂಲಿ.

ಸೀಟಿ_ಮಾಸ್ತರು:
ಅದಲ್ಲಪ್ಪ ಹಾಸನ, ಬಹಳ ವ್ಯತ್ಯಾಸ ಇದೆ, ನಾನು ರೆಫ್ರಿ ಕೆಲಸ ಮಾಡೋನು, ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಚಂದ್ರು ಎತ್ತಿರೋ ಒಂದು ಗೋಲಿನ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ.

ಟರ್ಫಲ್ಲಿ ಹುಲ್ಲು, ಸುತ್ತ ಬಲೆ, ಬಾಲ್ ಬಲೆಗೆ ಬಡಿದ್ರೂ ಆಟ ನಿಲ್ಲಲ್ಲ. ಫುಟ್ಸಾಲ್ ಆಡೋದು ಗಟ್ಟಿ ನೆಲದ ಕೋರ್ಟಲ್ಲಿ, ಇಂಟರ್‌ನ್ಯಾಷನಲ್ ಮ್ಯಾಚಿಗೆ ಸಾಮಾನ್ಯವಾಗಿ 40 ಮೀಟರ್ ಉದ್ದ 20 ಮೀಟರ್ ಅಗಲ, ಗೆರೆ ದಾಟಿದ್ರೆ ಬಾಲ್ ಹೊರಗೆ. ಬಾಲ್ ಸಣ್ಣದು, ಪುಟಿಯೋದು ಕಮ್ಮಿ, ಅದಕ್ಕೇ ಪಾದದ ಅಡಿಯಲ್ಲಿ ಹಿಡಿಯಕ್ಕೆ ಆಗೋದು. ಹೊರಗೆ ಹೋದ ಬಾಲನ್ನ ನಾಲ್ಕು ಸೆಕೆಂಡಲ್ಲಿ ಕೋರ್ಟಿನ ಒಳಗೆ ಹೊಡೀಬೇಕು, ಇಲ್ಲಾಂದ್ರೆ ಎದುರಿನವ್ರಿಗೆ. ಅರ್ಧಕ್ಕೆ 20 ನಿಮಿಷ, ಆದ್ರೆ ಬಾಲ್ ನಿಂತ್ರೆ ಗಡಿಯಾರಾನೂ ನಿಲ್ಲುತ್ತೆ, ನೆಲಕ್ಕೆ ಬಿದ್ದು ಒದ್ದಾಡಿ ಟೈಮ್ ಕಳೆಯೋ ಆಟ ಇಲ್ಲಿ ನಡಿಯಲ್ಲ. ಒಂದು ಅರ್ಧದಲ್ಲಿ ಟೀಮಿಗೆ ಐದು ಫೌಲ್ ತನಕ ಸರಿ, ಆರನೇದಕ್ಕೆ ಎದುರಿನವ್ರಿಗೆ 10 ಮೀಟರಿಂದ ಅಡ್ಡ ಗೋಡೆ ಇಲ್ಲದ ಕಿಕ್.

ಈಗ ಕೊನೆ ಐದು ನಿಮಿಷ ಯೋಚ್ನೆ ಮಾಡಿ. ಹಿಂದೆ ಬಿದ್ದಿರೋ ಟೀಮ್ ಗೋಲಿಯನ್ನೂ, ಅಂದ್ರೆ ಗೋಲ್‌ಕೀಪರನ್ನೂ, ಮುಂದಕ್ಕೆ ತಂದು ಐದು ಜನ ಅಟ್ಯಾಕ್ ಮಾಡ್ತಾರೆ, ನಿಮ್ಮ ಕಡೆ ತಡೆಯೋಕೆ ಗೋಲಿ ಬಿಟ್ಟು ನಾಲ್ಕೇ ಜನ. ಗಡಿಯಾರ ಸಹಾಯ ಮಾಡಲ್ಲ, ಫೌಲ್ ಮಾಡಿ ತಡೆಯೋಕೂ ಹೆದರಿಕೆ. ಹಾಗಾಗಿ ಸಮಬಲದ ಟೀಮ್‌ಗಳ ಮಧ್ಯ ಒಂದು ಗೋಲಿನ ಅಂತರ ಬರೋದು ಸಹಜ. ನಾನು ಚಂದ್ರು ಮಾತನ್ನ ಪೂರ್ತಿ ಒಪ್ಪಲ್ಲ. ಇರಾನ್ ಸೋತಿದ್ದು ಒಂದು ಗೋಲಿಂದ ಅನ್ನೋದನ್ನ, ಅವ್ರು ಅಷ್ಟು ಹತ್ರ ಇದ್ದಾರೆ ಅಂತಾನೂ ಓದ್ಬಹುದು. 2021ರಲ್ಲೇ ಕಜಾಕಿಸ್ತಾನಕ್ಕಿಂತ ಹಿಂದಿನ ಮ್ಯಾಚ್ ನೋಡಿ, ಉಜ್ಬೇಕಿಸ್ತಾನ ವಿರುದ್ಧ 9-8. ಅದೂ ಒಂದೇ ಗೋಲು, ಅವತ್ತು ಇವ್ರ ಕಡೆ ಬಂತು.

ಚೆಂಡಾಟ_ಚಂದ್ರು:
ಮಾಸ್ತರೇ ಚೆನ್ನಾಗಿ ಬಿಡಿಸಿ ಹೇಳಿದ್ರಿ. ಆದ್ರೆ ಆ 9-8ನ್ನೇ ನಾನು ನನ್ನ ಕಡೆ ಸಾಕ್ಷಿ ಅಂತೀನಿ. ಒಂಬತ್ತು ಹೊಡೆಯೋ ತಾಕತ್ತು ಇರೋ ಟೀಮ್ ಎಂಟು ಬಿಟ್ಕೊಡುತ್ತೆ ಅಂದ್ರೆ, ಅಟ್ಯಾಕ್ ಅವ್ರ ರಕ್ತದಲ್ಲಿದೆ, ಮ್ಯಾಚನ್ನ ಮುಚ್ಚಿ ಬೀಗ ಹಾಕೋದು ಮಾತ್ರ ಬರ್ತಿಲ್ಲ ಅಂತ ತಾನೆ?

ಕಜಾಕಿಸ್ತಾನದ ಕಥೆ ಕೇಳಿ, ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. 2000ದಲ್ಲಿ ಬ್ಯಾಂಕಾಕಲ್ಲಿ ನಡೆದ ಏಷ್ಯನ್ ಫೈನಲ್‌ನಲ್ಲಿ ಇರಾನ್ 4-1ರಿಂದ ಸೋಲಿಸಿದ್ದು ಇದೇ ಕಜಾಕಿಸ್ತಾನವನ್ನ. ಆಗ ಅವ್ರು ಏಷ್ಯಾದಲ್ಲಿ ಆಡ್ತಿದ್ರು. 2002ರಲ್ಲಿ ಅವ್ರ ಫೆಡರೇಶನ್ ಯುರೋಪ್ ಕಡೆಗೆ ಹೋಯ್ತು. ಅಲ್ಲಿ ಕ್ವಾಲಿಫೈಯರ್ ಅಂದ್ರೂ ಗಟ್ಟಿ ಟೀಮ್, ಕ್ಲಬ್ ಮ್ಯಾಚ್ ಅಂದ್ರೂ ಗಟ್ಟಿ ಟೀಮ್. ಅಲ್ಮಾಟಿಯ ಕೈರಾತ್ ಕ್ಲಬ್ 2013ರಲ್ಲಿ, 2015ರಲ್ಲಿ ಯುರೋಪಿನ ಕ್ಲಬ್ ಕಪ್ಪನ್ನೇ ಗೆದ್ದಿತು. ಬ್ರೆಜಿಲ್‌ನಲ್ಲಿ ಹುಟ್ಟಿದ ಗೋಲಿ ಇಗಿಟಾ ಮುಂದಕ್ಕೆ ಬಂದು ಐದನೇ ಆಟಗಾರನ ಥರ ಆಡೋದು ಅವ್ರ ಗುರುತೇ ಆಗೋಯ್ತು. ಆ ಟೀಮ್ 2021ರಲ್ಲಿ ವಾಪಸ್ ಬಂದು ಇರಾನನ್ನ ಮನೆಗೆ ಕಳಿಸ್ತು. ಸೋತವರು ಯುರೋಪ್‌ಗೆ ಹೋಗಿ ಬೆಳೆದ್ರು, ಗೆದ್ದವರು ಏಷ್ಯಾದಲ್ಲೇ ಗೆಲ್ತಾ ಉಳಿದ್ರು.

ಹುಬ್ಬಳ್ಳಿ_ಹುಡ್ಗ:
ಆತ್ರಿ, ಕಜಾಕಿಸ್ತಾನದ್ದು ಒಪ್ಪಿದೆ. ಹಂಗಾದ್ರ ಮೊರಾಕ್ಕೊ ಯಾವ ಯುರೋಪಿಗೆ ಹೋಗಿತ್ತು? ಅವ್ರೂ ಆಫ್ರಿಕಾದಾಗ ಅವ್ರವ್ರ ನಡುವನ ಆಡಿದವ್ರು. 2016ರ ವರ್ಲ್ಡ್ ಕಪ್ಪಿನ್ಯಾಗ ಇದ ಇರಾನ್ ಕಡೆ 5-3 ಬಡಿಸ್ಕೊಂಡು, ಗ್ರೂಪಿನ ಮ್ಯಾಚ್ ಎಲ್ಲಾ ಸೋತು ಮನಿಗೆ ಹೋಗಿದ್ರು. ಎಂಟು ವರ್ಷದಾಗ 4-3 ಮಾಡಿ ಸೇಡು ತೀರಿಸ್ಕೊಂಡ್ರು. ಹೆಂಗ ಆತು ಇದು?

ಸೀಟಿ_ಮಾಸ್ತರು:
ಒಳ್ಳೆ ಪ್ರಶ್ನೆ. ಮೊರಾಕ್ಕೊಗೆ 2010ರಿಂದ ಒಬ್ರೇ ಕೋಚ್, ಹಿಶಾಮ್ ದ್ಗಿಗ್. ಎರಡು ವರ್ಲ್ಡ್ ಕಪ್ ಕೈಗೆ ಹತ್ತದೇ ಹೋದ್ರೂ ಫೆಡರೇಶನ್ ಅವ್ರನ್ನ ಕಿತ್ತು ಹಾಕ್ಲಿಲ್ಲ. ಆಫ್ರಿಕಾ ಕಪ್ 2016, 2020, 2024 ಮೂರೂ ಗೆದ್ರು. 2021ರಲ್ಲಿ ಕ್ವಾರ್ಟರ್ ಫೈನಲ್‌ಗೆ ಬಂದು ಬ್ರೆಜಿಲ್ ಎದುರು 0-1, ಅಷ್ಟೇ. ದೊಡ್ಡ ಟೀಮ್‌ಗಳನ್ನ ಕರೆಸಿ ಫ್ರೆಂಡ್ಲಿ ಆಡಿಸೋಕೆ ದುಡ್ಡು ಹಾಕಿದ್ರು, ಅದೇ ಅವ್ರಿಗೆ ಯುರೋಪ್. ಈ ವಿಷ್ಯದಲ್ಲಿ ಚಂದ್ರು ವಾದಕ್ಕೆ ಬಲ ಬರುತ್ತೆ ಅಂತ ನಾನೇ ಹೇಳ್ತೀನಿ, ಅಭ್ಯಾಸ ಪಂದ್ಯ ಸಿಕ್ಕವ್ರು ಮೇಲೆ ಬಂದ್ರು.

ಇನ್ನೊಂದು ಮಾತು. 2024ರಲ್ಲಿ ಇರಾನ್ ತನ್ನ ಗ್ರೂಪಲ್ಲಿ ಫ್ರಾನ್ಸನ್ನ 4-1ರಿಂದ ಸೋಲಿಸಿತ್ತು. ಆ ಫ್ರಾನ್ಸ್ ಸೆಮಿಫೈನಲ್ ತನಕ ಹೋಯ್ತು. ಗ್ರೂಪ್ ಗೆದ್ದ ಇರಾನ್‌ಗೆ ಹದಿನಾರರ ಸುತ್ತಲ್ಲಿ ಸಿಕ್ಕಿದ್ದು ಮೊರಾಕ್ಕೊ. ಡ್ರಾ ಹಿಂಗೂ ಆಡಿಸುತ್ತೆ.

ಎಡಗಾಲಿನ_ಹುಡುಗಿ:
ಎಲ್ಲಾರೂ ಗಂಡಸರ ಟೀಮ್ ಬಗ್ಗೆನೇ ಮಾತಾಡ್ತಿದ್ದೀರ, ಇರಾನಿನ ಹೆಂಗಸರ ಟೀಮ್ ಬಗ್ಗೆ ಒಬ್ರಾದ್ರೂ ಹೇಳ್ತೀರ ಅಂತ ಕಾದೆ. 2015ರಲ್ಲಿ ಮಲೇಶಿಯಾದಲ್ಲಿ ಹೆಂಗಸರ ಮೊದಲನೇ ಏಷ್ಯನ್ ಚಾಂಪಿಯನ್‌ಶಿಪ್, ಫೈನಲ್‌ನಲ್ಲಿ ಜಪಾನ್ ಸೋಲಿಸಿ ಗೆದ್ರು. 2018ರಲ್ಲಿ ಬ್ಯಾಂಕಾಕಲ್ಲಿ ಮತ್ತೆ ಜಪಾನನ್ನೇ 5-2ರಿಂದ ಸೋಲಿಸಿ ಗೆದ್ರು. ಹಿಜಾಬ್ ಹಾಕ್ಕೊಂಡು, ಪೂರ್ತಿ ತೋಳಿನ ಜರ್ಸಿ, ಆ ಬಿಸಿಲಿನ ದೇಶಗಳಲ್ಲಿ, ಅಷ್ಟು ಸ್ಪೀಡಲ್ಲಿ. ಅಭ್ಯಾಸ ಪಂದ್ಯ ಇಲ್ಲ ಅಂತ ಗಂಡಸರ ಟೀಮಿಗೆ ಮರುಗ್ತಿದ್ದೀರಲ್ಲ, ಇವರ ಪಾಡು ಯೋಚ್ನೆ ಮಾಡಿ.

ನಿಲೂಫರ್ ಅರ್ದಲಾನ್ ಅಂತ ಕ್ಯಾಪ್ಟನ್, ಅವರನ್ನ 'ಲೇಡಿ ಗೋಲ್' ಅಂತ ಕರೀತಿದ್ರು. 2015ರ ಆ ಟೂರ್ನಮೆಂಟಿಗೆ ಅವರು ಹೋಗಕ್ಕೇ ಆಗ್ಲಿಲ್ಲ. ಇರಾನಲ್ಲಿ ಮದುವೆ ಆದ ಹೆಣ್ಣಿಗೆ ಪಾಸ್‌ಪೋರ್ಟ್ ಬೇಕಂದ್ರೆ ಗಂಡನ ಒಪ್ಪಿಗೆ ಬೇಕು, ಅವರ ಗಂಡ ಕೊಡ್ಲಿಲ್ಲ, ಮಗನ ಸ್ಕೂಲಿನ ಮೊದಲ ದಿನ ಅನ್ನೋ ಕಾರಣ. ಅವರು ಸುಮ್ನಿರ್ಲಿಲ್ಲ, ಬಹಿರಂಗವಾಗಿ ಮಾತಾಡಿದ್ರು, ದೇಶದ ಬಾವುಟಕ್ಕೋಸ್ಕರ ಆಡೋಳು ನಾನು, ನನ್ನಂಥವರಿಗೆ ಕಾನೂನು ಬದಲಾಗ್ಬೇಕು ಅನ್ನೋ ಅರ್ಥದಲ್ಲಿ. ಅದೇ ವರ್ಷದ ಕೊನೆಗೆ ಗ್ವಾಟೆಮಾಲಾದ ಟೂರ್ನಮೆಂಟಿಗೆ ಹೋಗೋಕೆ ಅನುಮತಿ ಸಿಕ್ತು. ಒಂದು ಗೋಲಿಂದ ಸೋಲೋದಕ್ಕಿಂತ ಕೋರ್ಟಿಗೇ ಬರಕ್ಕಾಗದ ಸೋಲು ದೊಡ್ಡದು ನನ್ನ ಪ್ರಕಾರ. ಇರಾನ್ ಫುಟ್ಸಾಲ್ ರೆಕಾರ್ಡ್ ಅಂತ ಬರೆಯೋವಾಗ 13ರ ಪಕ್ಕ ಈ 2 ಕಪ್ಪನ್ನೂ ಬರೀರಿ.

ಚೆಂಡಾಟ_ಚಂದ್ರು:
ಖಂಡಿತ ಬರೀಬೇಕು ಮೇಡಂ, ಈ ಚರ್ಚೆಲಿ ಇಲ್ಲಿವರೆಗೆ ಬಂದಿರೋ ಅತ್ಯಂತ ಮುಖ್ಯವಾದ ಪೋಸ್ಟ್ ಇದು.

ಹೊಸಬ_ಹಾಸನ:
ಸರ್, ಇಷ್ಟು ಚೆನ್ನಾಗಿ ಆಡೋಕೆ ಇರಾನಿನವ್ರಿಗೆ ಎಲ್ಲಿಂದ ಬಂತು? ಅಲ್ಲೂ ಬ್ರೆಜಿಲ್ ಥರ ಬೀದಿ ಬೀದಿಲಿ ಆಡ್ತಾರಾ?

ಕುವೈತ್_ಕರಾವಳಿ:
ಹೌದು. ನನ್ನ ಜೊತೆ ಕೆಲಸ ಮಾಡುವ ಇರಾನಿಯೊಬ್ಬರು ಯಾವಾಗಲೂ ಹೇಳುವುದು ಗೋಲ್‌ಕೂಚಿಕ್ ಬಗ್ಗೆ. ಓಣಿಯಲ್ಲಿ ಪುಟ್ಟ ಪುಟ್ಟ ಗೋಲು ಇಟ್ಟು ಆಡುವ ಆಟ. ಬಾಲ್ ಅಂದ್ರೆ ಅಗ್ಗದ ಪ್ಲಾಸ್ಟಿಕ್ ಬಾಲ್, ಅದು ಹಗುರ ಆಗಿ ಗಾಳಿಗೆ ಹಾರ್ತದೆ ಅಂತ ಒಂದು ಹಳೇ ಬಾಲನ್ನು ಬ್ಲೇಡಿನಲ್ಲಿ ಸೀಳಿ, ಅದರ ಒಳಗೆ ಇನ್ನೊಂದನ್ನು ತೂರಿಸಿ ಎರಡು ಪದರ ಮಾಡ್ತಾರೆ. ಆಗ ತೂಕ ಬರ್ತದೆ, ಪುಟಿಯುವುದು ಕಮ್ಮಿ ಆಗ್ತದೆ. ಈಗ ಸೀಟಿ ಮಾಸ್ತರು ಹೇಳಿದ ಫುಟ್ಸಾಲ್ ಬಾಲ್ ನೆನಪು ಮಾಡಿಕೊಳ್ಳಿ, ಹೆಚ್ಚುಕಮ್ಮಿ ಅದೇ ಗುಣ. ಗೋಲು ಸಣ್ಣದು ಅಂದ ಮೇಲೆ ದೂರದಿಂದ ಗುಂಡು ಹೊಡೆದ ಹಾಗೆ ಹೊಡೆದ್ರೆ ಆಗುವುದಿಲ್ಲ, ಹತ್ತಿರ ಹೋಗಿ ಎದುರಿನವನನ್ನು ದಾಟಲೇಬೇಕು. ರಂಜಾನ್ ತಿಂಗಳಲ್ಲಿ ಉಪವಾಸ ಬಿಟ್ಟ ಮೇಲೆ ರಾತ್ರಿ ಹೊತ್ತು ಊರೂರಲ್ಲಿ ಟೂರ್ನಮೆಂಟ್ ನಡೀತದೆ, ಆ ಮ್ಯಾಚ್‌ಗಳಿಗೂ ಜನ ಕಿಕ್ಕಿರಿದು ಬರ್ತಾರಂತೆ.

ಚೆಂಡಾಟ_ಚಂದ್ರು:
ಇದರ ಮೇಲೆ ಗಟ್ಟಿಯಾದ ದೇಶಿ ಲೀಗ್ ಬೇರೆ ಇದೆ. ಏಷ್ಯನ್ ಕ್ಲಬ್ ಚಾಂಪಿಯನ್‌ಶಿಪ್ ಶುರುವಾದಾಗ 2010ರಲ್ಲಿ ಗೆದ್ದಿದ್ದು ಇಸ್ಫಹಾನಿನ ಫೂಲಾದ್ ಮಾಹಾನ್, ಆಮೇಲೆ 2012ರಲ್ಲಿ ಗೀತಿ ಪಸಂದ್, 2015ರಲ್ಲಿ ತಾಸಿಸಾತ್, 2018ರಲ್ಲಿ ಮೆಸ್ ಸುಂಗುನ್, ಎಲ್ಲಾ ಇರಾನಿ ಕ್ಲಬ್‌ಗಳೇ. ವಹೀದ್ ಶಮ್ಸಾಯಿ ಆ ಲೀಗಿನ ಕಾಲದ ದೊಡ್ಡ ಹೆಸರು, ದೇಶಕ್ಕೋಸ್ಕರ ಅವ್ರು ಹೊಡೆದ ಗೋಲು 392 ಅಂತ ಲೆಕ್ಕ ಕೊಡ್ತಾರೆ. 2024ರಲ್ಲಿ ಬ್ಯಾಂಕಾಕಲ್ಲಿ ಥಾಯ್ಲೆಂಡನ್ನ 4-1ರಿಂದ ಸೋಲಿಸಿ 13ನೇ ಕಪ್ ಎತ್ತಿದಾಗ ಕೋಚ್ ಆಗಿದ್ದಿದ್ದೂ ಅವ್ರೇ.

ಆದ್ರೆ 2016ರ ಬ್ರೆಜಿಲ್ ಮ್ಯಾಚ್ ಬಗ್ಗೆ ಇಲ್ಲಿ ಯಾರೂ ಸರಿಯಾಗಿ ಹೇಳ್ಲೇ ಇಲ್ಲ, ನಾನೇ ಹೇಳ್ತೀನಿ. ಗ್ರೂಪಲ್ಲಿ ಇರಾನ್ ಆಡಿದ್ದು ಸಾಧಾರಣ. ಸ್ಪೇನ್ ಕೈಲಿ 1-5, ಅಜರ್‌ಬೈಜಾನ್ ಜೊತೆ 3-3, ಮೊರಾಕ್ಕೊ ಮೇಲೆ 5-3. ಗ್ರೂಪಲ್ಲಿ ಮೂರನೇ ಸ್ಥಾನ, ಹೆಂಗೋ ನಾಕೌಟ್‌ಗೆ ದಾಟಿದ್ರು. ಎದುರಿಗೆ ಬ್ರೆಜಿಲ್, ಊರು ಬುಕಾರಮಂಗಾ. ಅಲ್ಲಿ ತನಕ ಆಗಿದ್ದ ಏಳು ವರ್ಲ್ಡ್ ಕಪ್ಪಲ್ಲಿ ಬ್ರೆಜಿಲ್ ಐದು ಗೆದ್ದಿತ್ತು, ಒಂದು ಸಲಾನೂ ಮೊದಲ ಮೂರು ಸ್ಥಾನದಿಂದ ಕೆಳಗೆ ಇಳಿದಿರ್ಲಿಲ್ಲ. ಬ್ರೆಜಿಲ್‌ನ ದೊಡ್ಡ ಆಟಗಾರ ಫಾಲ್ಕಾವ್‌ಗೆ 39 ವರ್ಷ, ಅವ್ರ ಕೊನೆ ವರ್ಲ್ಡ್ ಕಪ್, ಆ ಮ್ಯಾಚಲ್ಲೇ ಹ್ಯಾಟ್ರಿಕ್ ಹೊಡೆದ್ರು. ಆದ್ರೂ ಇರಾನ್ ಬಿಡ್ಲಿಲ್ಲ, ಎಕ್ಸ್‌ಟ್ರಾ ಟೈಮ್ ಮುಗಿದಾಗ 4-4, ಪೆನಾಲ್ಟಿಯಲ್ಲಿ ಗೆದ್ರು.

ಆಮೇಲೆ ಆಗಿದ್ದೇ ನಂಗೆ ಬಹಳ ಇಷ್ಟ. ಗೆದ್ದ ಖುಷಿಲಿ ಕುಣೀತಿದ್ದ ಇರಾನ್ ಹುಡುಗ್ರು ಸೀದಾ ಫಾಲ್ಕಾವ್ ಹತ್ರ ಹೋದ್ರು, ಎಲ್ರೂ ಸೇರಿ ಅವ್ರನ್ನ ಎತ್ತಿ ಗಾಳಿಗೆ ಹಾರಿಸಿ ಹಾರಿಸಿ ಹಿಡಿದ್ರು. ವರ್ಲ್ಡ್ ಕಪ್ಪಲ್ಲಿ 48 ಗೋಲು ಹೊಡೆದ ಆಟಗಾರನಿಗೆ ಅವ್ರನ್ನ ಸೋಲಿಸಿದವ್ರೇ ಕೊಟ್ಟ ಬೀಳ್ಕೊಡುಗೆ ಅದು. ಆ ಇರಾನ್ ಟೀಮಲ್ಲಿ ಹಸನ್‌ಜಾದೆ, ತಯ್ಯೆಬಿ, ಎಸ್ಮಾಯಿಲ್‌ಪುರ್, ಗೋಲಲ್ಲಿ ಸಮೀಮಿ. ಮುಂದೆ ಪರಗ್ವೆಯನ್ನ 4-3, ಸೆಮಿಯಲ್ಲಿ ರಷ್ಯಾಗೆ ಸೋಲು, ಮೂರನೇ ಸ್ಥಾನಕ್ಕೆ ಸ್ಟಾರ್ ಆಟಗಾರ ರಿಕಾರ್ಡಿನ್ಯೊ ಇದ್ದ ಪೋರ್ಚುಗಲನ್ನ 2-2 ಆಗಿ ಪೆನಾಲ್ಟಿಲಿ. ಆ ಪೋರ್ಚುಗಲ್ ಐದು ವರ್ಷ ಆದ್ಮೇಲೆ 2021ರಲ್ಲಿ ವರ್ಲ್ಡ್ ಚಾಂಪಿಯನ್ ಆಯ್ತು.

ಹುಬ್ಬಳ್ಳಿ_ಹುಡ್ಗ:
ಇದನ್ನ ಓದಿ ಮೈ ಜುಮ್ ಅಂತ್ರಿ. ಅಲ್ಲಾ, ಬ್ರೆಜಿಲ್ ಮತ್ತ ಪೋರ್ಚುಗಲ್ ಇಬ್ರನ್ನೂ ಒಂದ ಟೂರ್ನಮೆಂಟಿನ್ಯಾಗ ಸೋಲಿಸಿದವ್ರಿಗೆ "ಅಭ್ಯಾಸ ಇಲ್ಲ" ಅಂತ ಹೆಂಗ ಅಂತೀರಿ? ನನಗ ಅನಸೂದು, ಅವ್ರು ತಮಗಿಂತ ದೊಡ್ಡವ್ರ ಎದುರು ಚೊಲೋ ಆಡ್ತಾರ, ತಮ್ಮ ಸರೀಕರ ಎದುರು ಎಡವ್ತಾರ. ರಷ್ಯಾ ಬಿಡ್ರಿ, ಕಜಾಕಿಸ್ತಾನ, ಮೊರಾಕ್ಕೊ ಎದುರು "ಇವ್ರನ್ನ ಗೆದ್ದ ಗೆಲ್ತೀವಿ" ಅಂತ ಇಳದ್ರೇನೋ.

ಸೀಟಿ_ಮಾಸ್ತರು:
ಮನಸ್ಸಲ್ಲಿ ಏನಿತ್ತು ಅಂತ ನಾವು ಹೇಳೋಕಾಗಲ್ಲ ಹುಬ್ಬಳ್ಳಿಯವ್ರೇ, ಆದ್ರೆ ಆಟದ ಮಟ್ಟಿಗೆ ನಿಮ್ಮ ಮಾತಲ್ಲಿ ಹುರುಳಿದೆ. ಬ್ರೆಜಿಲ್ ಬಾಲ್ ತಾನೇ ಇಟ್ಕೊಂಡು ಆಡುತ್ತೆ, ಆಗ ಇರಾನ್‌ಗೆ ಬಾಲ್ ಕಿತ್ಕೊಂಡು ತಕ್ಷಣ ಕೌಂಟರ್ ಹೊಡೆಯೋಕೆ ಜಾಗ ಸಿಗುತ್ತೆ. ಕಜಾಕಿಸ್ತಾನ, ಮೊರಾಕ್ಕೊ ಥರದವ್ರು ಬಾಲನ್ನ ಇರಾನ್‌ಗೆ ಬಿಟ್ಟು ಹಿಂದೆ ಕೂತ್ರೆ, ಅಥವಾ ಗೋಲಿಯನ್ನ ಸೇರಿಸ್ಕೊಂಡು ಐದು ಜನ ಸುತ್ತ ಬಾಲ್ ತಿರುಗಿಸಿದ್ರೆ, ಇವ್ರ ತಾಳ್ಮೆ ಕೆಡುತ್ತೆ. ತಾಳ್ಮೆ ಬರೋದು ಮತ್ತೆ ಅಂಥ ಮ್ಯಾಚ್ ಆಡಿದ್ರೇನೇ. ಹುಸೇನ್ ತಯ್ಯೆಬಿ ಯುರೋಪಿನ ಕ್ಲಬ್‌ಗಳಲ್ಲಿ ಆಡಿ ಬೆಳೆದ್ರು, ಅಂಥವರು ಟೀಮಲ್ಲಿ ಒಬ್ಬಿಬ್ರು ಇದ್ರೆ ಸಾಲದು.

ಎಡಗಾಲಿನ_ಹುಡುಗಿ:
ನಮ್ಮ ದೇಶದ ಟೀಮ್ ಬಗ್ಗೆ ಯಾರಿಗಾದ್ರೂ ಗೊತ್ತಾ? ಬೆಂಗಳೂರಲ್ಲಿ ಪ್ರೀಮಿಯರ್ ಫುಟ್ಸಾಲ್ ಅಂತ ಗಲಾಟೆ ಆಗಿತ್ತಲ್ಲ, ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಪಾಲ್ ಸ್ಕೋಲ್ಸ್ ಬೆಂಗಳೂರು ಟೀಮ್ ಅಂತೆಲ್ಲ. ಆಮೇಲೆ ಸುದ್ದೀನೇ ಇಲ್ಲ.

ಚೆಂಡಾಟ_ಚಂದ್ರು:
ಅದು 2016, 2017 ಎರಡು ಸೀಸನ್ ನಡೆದು ನಿಂತೋಯ್ತು, ಅದಕ್ಕೂ ದೇಶದ ಟೀಮಿಗೂ ಸಂಬಂಧ ಇರ್ಲಿಲ್ಲ. ಭಾರತದ ಟೀಮ್ ಮೊದಲ ಸಲ ಏಷ್ಯನ್ ಕಪ್ ಕ್ವಾಲಿಫೈಯರ್ ಆಡಿದ್ದೇ 2023ರ ಅಕ್ಟೋಬರಲ್ಲಿ ತಜಿಕಿಸ್ತಾನಕ್ಕೆ ಹೋಗಿ. ಇರಾನ್ ಮೊದಲ ಏಷ್ಯನ್ ಕಪ್ ಗೆದ್ದು 24 ವರ್ಷ ಆದ್ಮೇಲೆ. ಈಚೆಗೆ ನಮ್ಮ ಟೀಮಿಗೆ ಕೋಚ್ ಆಗಿ ಬಂದಿದ್ದು ಇರಾನಿನ ರೆಜಾ ಕೊರ್ದಿ, ನಂಗೆ ಅದು ಬಹಳ ಖುಷಿ ಕೊಟ್ಟ ವಿಷ್ಯ. ಆದ್ರೆ ಕೋಚ್ ಒಬ್ರು ಬಂದ್ರೆ ಸಾಕಾ, ಕೆಳಗಿಂದ ಹುಡುಗ್ರು ಬರ್ಬೇಕಲ್ಲ, ಆಡೋಕೆ ಕೋರ್ಟ್ ಎಲ್ಲಿದೆ?

ಸೀಟಿ_ಮಾಸ್ತರು:
ಕೋರ್ಟ್ ಇದೆ ಚಂದ್ರು, ನಾವು ನೋಡ್ತಿಲ್ಲ ಅಷ್ಟೆ. ಹ್ಯಾಂಡ್‌ಬಾಲ್ ಕೋರ್ಟಿನ ಅಳತೆ ಎಷ್ಟು? 40 ಬೈ 20. ಗೋಲ್ ಪೋಸ್ಟ್? ಅಗಲ 3 ಮೀಟರ್, ಎತ್ತರ 2 ಮೀಟರ್. ಫುಟ್ಸಾಲಿಗೂ ಅದೇ ಗೋಲು. ನಮ್ಮಲ್ಲಿ ಎಷ್ಟು ಕಾಲೇಜು, ಎಷ್ಟು ಹೈಸ್ಕೂಲಲ್ಲಿ ಹ್ಯಾಂಡ್‌ಬಾಲ್ ಕೋರ್ಟ್ ಇಲ್ಲ ಹೇಳಿ? ಗಂಟೆಗೆ ಸಾವಿರಗಟ್ಟಲೆ ಕೊಟ್ಟು ಟರ್ಫ್ ಬುಕ್ ಮಾಡೋ ಬದ್ಲು, ಕಾಂಕ್ರೀಟ್ ನೆಲದ ಒಂದು ಹ್ಯಾಂಡ್‌ಬಾಲ್ ಕೋರ್ಟ್ ಕೇಳಿ ತಗೊಂಡು, ಪುಟಿಯದ ಫುಟ್ಸಾಲ್ ಬಾಲ್ ಒಂದು ತಂದು, ನಾಲ್ಕು ಸೆಕೆಂಡ್ ರೂಲ್ ಹಾಕಿ ಆಡ್ಸಿ. ಬೀಳದ ಹಾಗೆ ನೋಡ್ಕೊಳ್ಳಿ, ಮಂಡಿ ತರಚುತ್ತೆ.

ಹೊಸಬ_ಹಾಸನ:
ಸರ್ ನಮ್ಮ ಕಾಲೇಜಲ್ಲಿ ಹ್ಯಾಂಡ್‌ಬಾಲ್ ಕೋರ್ಟ್ ಇದೆ, ಪೋಸ್ಟ್‌ಗೆ ನೆಟ್ ಇಲ್ಲ ಅಷ್ಟೆ. ಫುಟ್ಸಾಲ್ ಬಾಲ್ ಯಾವ ಸೈಜ್ ಅಂತ ಕೇಳ್ಬೇಕು ಅಂಗಡಿಲಿ?

ಸೀಟಿ_ಮಾಸ್ತರು:
ನಾಲ್ಕನೇ ಸೈಜ್ ಅಂತ ಕೇಳು, ಆದ್ರೆ ಮಾಮೂಲಿ ಫುಟ್‌ಬಾಲಿನ ನಾಲ್ಕನೇ ಸೈಜ್ ಕೊಟ್ಬಿಡ್ತಾರೆ ಹುಷಾರು, ಬಾಲ್ ಮೇಲೆ ಫುಟ್ಸಾಲ್ ಅಂತ ಬರೆದಿರ್ಬೇಕು. ತಗೊಳ್ಳೋ ಮುಂಚೆ ಎದೆ ಎತ್ತರದಿಂದ ಕೆಳಗೆ ಬಿಟ್ಟು ನೋಡು, ಮೊಣಕಾಲಿಗಿಂತ ಮೇಲೆ ಪುಟಿದ್ರೆ ವಾಪಸ್ ಕೊಡು.

ಹುಬ್ಬಳ್ಳಿ_ಹುಡ್ಗ:
ಹಾಸನದವ್ರ, ಟೀಮ್ ಕಟ್ಟಿದ ಮ್ಯಾಲೆ ಇಲ್ಲೇ ಹೇಳ್ರಿ, ನಾವು ಹುಬ್ಬಳ್ಳಿಯಿಂದ ಬರ್ತೀವಿ ಮ್ಯಾಚಿಗೆ. ಮಾಸ್ತರ್ರು ಸೀಟಿ ತಗೊಂಡು ಬರ್ಲಿ.